ಕಾರಿನ ಡಿಕ್ಕಿಯ ರಬ್ಬರ್ ಪಟ್ಟಿ

ಡಿಕ್ಕಿಯ ರಬ್ಬರ್ ಪಟ್ಟಿ ಎಂಬುದು ಕಾರಿನ ಹಿಂಭಾಗದಲ್ಲಿರುವ ಸಾಮಾನು ಇಡುವ ಅಂಕಣಕ್ಕೂ ಅದರ ಮುಚ್ಚಳಕ್ಕೂ ನಡುವಿನ ಸಂದನ್ನು ಸುತ್ತಲೂ ಮುಚ್ಚುವ ಮೃದುವಾದ ಪಟ್ಟಿ. ಮುಚ್ಚಳವನ್ನು ಹಾಕಿದಾಗ ಇದು ಒತ್ತಿಕೊಂಡು ಕುಗ್ಗುತ್ತದೆ, ತೆಗೆದಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಮಳೆನೀರು, ಧೂಳು ಮತ್ತು ಎಂಜಿನ್ನಿನ ಹೊಗೆ ಒಳಗೆ ಬಾರದಂತೆ ತಡೆಯುವುದು ಇದರ ಮುಖ್ಯ ಕಾರ್ಯ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಹಳೆಯ ಕಾರುಗಳಲ್ಲಿ ಈ ಪಟ್ಟಿ ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಡುವುದರಿಂದ, ಅದನ್ನು ತೆಗೆದು ಹೊಸದನ್ನು ಅಳವಡಿಸುವುದು ಜೀರ್ಣೋದ್ಧಾರದ ಅಗತ್ಯ ಕೆಲಸಗಳಲ್ಲಿ ಒಂದಾಗಿದೆ.

ಈ ಪಟ್ಟಿಯನ್ನು ಮಳೆಗಾಲಕ್ಕೆ ಮಾತ್ರ ಸಂಬಂಧಿಸಿದ ವಸ್ತುವೆಂದು ಭಾವಿಸುವುದು ಸಾಮಾನ್ಯ. ಆದರೆ ಮಳೆ ಕಡಿಮೆ ಇರುವ ಪ್ರದೇಶಗಳಲ್ಲಿಯೂ ಇದರ ಅಗತ್ಯ ಅಷ್ಟೇ ಇದೆ. ಡಿಕ್ಕಿಯೊಳಗೆ ಧೂಳು ಬರುವ ದಾರಿಯೇ ಹೊಗೆ ಬರುವ ದಾರಿಯೂ ಆಗಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಪ್ರಾಣಾಪಾಯಕಾರಿ.

ಹೆಸರು

ಕರ್ನಾಟಕದ ಗ್ಯಾರೇಜುಗಳಲ್ಲಿ ಇದನ್ನು ಡಿಕ್ಕಿ ರಬ್ಬರ್, ಡಿಕ್ಕಿ ಬೀಡಿಂಗ್ ಅಥವಾ ಬರಿದೇ ಬೀಡಿಂಗ್ ಎಂದು ಕರೆಯುತ್ತಾರೆ. ಕಾರಿನ ಹಿಂಭಾಗದ ಈ ಅಂಕಣಕ್ಕೆ ಬ್ರಿಟನ್ನಿನಲ್ಲಿ ಬೂಟ್ ಎಂದೂ ಅಮೆರಿಕದಲ್ಲಿ ಟ್ರಂಕ್ ಎಂದೂ ಹೆಸರಿದ್ದರೆ, ಭಾರತದಲ್ಲಿ ಡಿಕ್ಕಿ ಎಂಬ ಹೆಸರೇ ರೂಢಿಯಲ್ಲಿದೆ. ಸಾರೋಟುಗಳ ಹಿಂಬದಿಯಲ್ಲಿ ಸೇವಕರು ಕುಳಿತುಕೊಳ್ಳುತ್ತಿದ್ದ ಆಸನಕ್ಕೂ, ಮುಂದೆ ಆರಂಭಕಾಲದ ಕಾರುಗಳ ಹಿಂಭಾಗದಲ್ಲಿದ್ದ ಮಡಚುವ ಆಸನಕ್ಕೂ ಇಂಗ್ಲಿಷಿನಲ್ಲಿ ಡಿಕ್ಕಿ ಎಂಬ ಹೆಸರಿತ್ತು. ಆಸನ ಹೋಗಿ ಆ ಜಾಗ ಸಾಮಾನಿಗೆ ಮೀಸಲಾದ ಮೇಲೂ ಭಾರತದಲ್ಲಿ ಹಳೆಯ ಹೆಸರು ಉಳಿದುಕೊಂಡಿತು. ಎರಡು ವಾಹನಗಳು ಒಂದಕ್ಕೊಂದು ಬಡಿಯುವುದನ್ನು ಸೂಚಿಸುವ ಕನ್ನಡದ ಡಿಕ್ಕಿ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳ ಕಾಲ ಭಾರತದ ರಸ್ತೆಗಳಲ್ಲಿ ಕೆಲವೇ ಬಗೆಯ ಕಾರುಗಳಿದ್ದವು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿದ ಅಂಬಾಸಿಡರ್ ಕಾರನ್ನು ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಇಟಲಿಯ ಫಿಯೆಟ್ 1100 ಕಾರನ್ನು ಆಧರಿಸಿದ ಮಾದರಿಯನ್ನು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ಹೊರತಂದಿತು; 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದಿತು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಕಾಲದ ಮತ್ತೊಂದು ಪರಿಚಿತ ಕಾರು. ಇವೆಲ್ಲವೂ ಪ್ರತ್ಯೇಕ ಡಿಕ್ಕಿಯುಳ್ಳ ಕಾರುಗಳು.

ಕರ್ನಾಟಕದಲ್ಲಿ ಸರಕಾರಿ ಅಧಿಕಾರಿಗಳು, ವೈದ್ಯರು, ವರ್ತಕರು ಮತ್ತು ಬಾಡಿಗೆ ಟ್ಯಾಕ್ಸಿಯವರು ಈ ಕಾರುಗಳನ್ನು ವ್ಯಾಪಕವಾಗಿ ಬಳಸಿದರು. ಇಂದು ಇವು ಹಳೆಯ ಮನೆತನಗಳಲ್ಲಿ, ಆಸಕ್ತರ ಬಳಿ ಹಾಗೂ ಸಂಗ್ರಹಾಲಯಗಳಲ್ಲಿ ಉಳಿದಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಸಂಗ್ರಹ ನಾಡಿನಲ್ಲಿ ಪ್ರಸಿದ್ಧವಾಗಿದೆ.

ಈ ಕಾರುಗಳ ಮೊದಲ ತಲೆಮಾರಿನ ರಬ್ಬರ್ ಭಾಗಗಳು ಹೆಚ್ಚಾಗಿ ನೈಸರ್ಗಿಕ ರಬ್ಬರಿನಿಂದ ಆಗಿದ್ದವು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಲ್ಕನೀಕರಣ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ವಲ್ಕನೀಕರಿಸಿದ ರಬ್ಬರು ಬಿಸಿಲಿಗೆ ಕರಗದೆ ಚಳಿಗೆ ಒಡೆಯದೆ ಉಳಿಯುವುದಾದರೂ ಅದಕ್ಕೂ ಆಯುಷ್ಯದ ಮಿತಿಯಿದೆ.

ಕಾರ್ಯ

ನೀರು ತಡೆಯುವುದು: ಹಿಂಬದಿಯ ಗಾಜಿನಿಂದ ಇಳಿಯುವ ನೀರು ಡಿಕ್ಕಿಯ ಬಾಯಿಯ ಸುತ್ತಲಿರುವ ತೋಡಿನಲ್ಲಿ ಹರಿದು ಕೆಳಗೆ ಬೀಳುತ್ತದೆ. ತೋಡು ತುಂಬಿ ಬಂದಾಗ ಅಥವಾ ನೀರು ಸಿಡಿದಾಗ ಅದನ್ನು ಒಳಗೆ ಬಿಡದೆ ಪಟ್ಟಿ ತಡೆಯುತ್ತದೆ. ಒಳಗೆ ಸೇರಿದ ನೀರು ನೆಲಹಾಸಿನ ಕೆಳಗೂ ಸ್ಟೆಪ್ನಿಯ ಅಡಿಯಲ್ಲೂ ನಿಂತು, ಕಣ್ಣಿಗೆ ಬೀಳುವ ಮೊದಲೇ ತಗಡಿಗೆ ತುಕ್ಕು ಹಿಡಿಸುತ್ತದೆ.

ಧೂಳು ತಡೆಯುವುದು: ಕಾರು ಸಾಗುವಾಗ ಛಾವಣಿ ಮತ್ತು ಪಕ್ಕಗಳ ಮೇಲೆ ಹರಿದ ಗಾಳಿಯು ಹಿಂಭಾಗದಲ್ಲಿ ಕೂಡಲೇ ಸೇರಿಕೊಳ್ಳದೆ ಸುಳಿಯಾಗಿ ತಿರುಗುತ್ತದೆ. ಸುಳಿಯಿರುವ ಈ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಚಕ್ರಗಳು ಎಬ್ಬಿಸಿದ ಧೂಳೂ ಹೊಗೆಕೊಳವೆಯಿಂದ ಹೊರಬಿದ್ದ ಅನಿಲವೂ ಅಲ್ಲಿಯೇ ಸುತ್ತುತ್ತಿರುತ್ತವೆ. ಹವಾನಿಯಂತ್ರಣವಿಲ್ಲದ ಹಳೆಯ ಕಾರುಗಳಲ್ಲಿ ಕಿಟಕಿಗಳನ್ನು ತೆರೆದು ಓಡಿಸುವುದು ವಾಡಿಕೆ. ತೆರೆದ ಕಿಟಕಿಗಳ ಪಕ್ಕದಲ್ಲಿ ವೇಗವಾಗಿ ಹರಿಯುವ ಗಾಳಿಯು ಒಳಗಿನ ಗಾಳಿಯನ್ನು ಹೊರಗೆ ಎಳೆಯುವುದರಿಂದ ಕಾರಿನ ಒಳಗಿನ ಒತ್ತಡ ಇನ್ನಷ್ಟು ಇಳಿಯಬಹುದು. ಆಗ ಹಿಂಭಾಗದ ಯಾವ ಸಂದಿನಿಂದಲಾದರೂ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಧೂಳೂ ಅದರೊಡನೆ ಬರುತ್ತದೆ.

ಹೊಗೆ ತಡೆಯುವುದು: ಮೇಲಿನ ಕಾರಣದಿಂದಲೇ ಎಂಜಿನ್ನಿನ ಹೊಗೆಯೂ ಡಿಕ್ಕಿಗೆ ಸೇರುತ್ತದೆ. ಹಳೆಯ ಕಾರುಗಳಲ್ಲಿ ಡಿಕ್ಕಿಗೂ ಹಿಂದಿನ ಆಸನಕ್ಕೂ ನಡುವೆ ಇರುವ ತಡೆ ಗಾಳಿ ನುಸುಳದಷ್ಟು ಬಿಗಿಯಾಗಿರುವುದಿಲ್ಲ. ಆದ್ದರಿಂದ ಡಿಕ್ಕಿಗೆ ಬಂದ ಹೊಗೆ ಪ್ರಯಾಣಿಕರವರೆಗೆ ತಲುಪುತ್ತದೆ.

ಸದ್ದು ತಡೆಯುವುದು: ಪಟ್ಟಿಯು ಮುಚ್ಚಳ ಮತ್ತು ಅಂಚಿನ ತಗಡು ನೇರವಾಗಿ ತಾಗದಂತೆ ನೋಡಿಕೊಂಡು ಗಡಗಡ ಸದ್ದನ್ನೂ ಬಣ್ಣದ ಸವೆತವನ್ನೂ ಕಡಿಮೆ ಮಾಡುತ್ತದೆ.

ಕಾರ್ಬನ್ ಮಾನಾಕ್ಸೈಡ್ ಅಪಾಯ

ಪೆಟ್ರೋಲು ಅಪೂರ್ಣವಾಗಿ ಉರಿದಾಗ ಉಂಟಾಗುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಗಾಳಿಯಲ್ಲಿ ಅದರ ಪ್ರಮಾಣ ಅಲ್ಪವಾಗಿದ್ದರೂ ದೇಹಕ್ಕೆ ಆಮ್ಲಜನಕದ ಕೊರತೆಯಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಮೊದಲ ಲಕ್ಷಣಗಳು. ದೂರ ಪ್ರಯಾಣದಲ್ಲಿ ಹಿಂದಿನ ಆಸನದ ಮಕ್ಕಳು ಮತ್ತು ವೃದ್ಧರು ಮಂಪರಿಗೆ ಜಾರಿದರೆ ಅದನ್ನು ಪ್ರಯಾಣದ ಆಯಾಸವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಹೊಗೆಯ ವಿಷಾಂಶವನ್ನು ಬಹುಮಟ್ಟಿಗೆ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಉಪಕರಣವನ್ನು ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯಗೊಳಿಸುವ ಕ್ರಮ 1995ರಲ್ಲಿ ನಾಲ್ಕು ಮಹಾನಗರಗಳಿಂದ ಆರಂಭವಾಯಿತು. ಅದಕ್ಕೂ ಹಿಂದಿನ ಕಾರುಗಳಲ್ಲಿ ಈ ಉಪಕರಣ ಇರುವುದಿಲ್ಲ. ಆದ್ದರಿಂದ ಹಳೆಯ ಕಾರಿನಲ್ಲಿ ಹಿಂಭಾಗದ ಸಂದುಗಳನ್ನು ಮುಚ್ಚಿಡುವುದು ಹೊಸ ಕಾರಿಗಿಂತ ಹೆಚ್ಚು ಮಹತ್ವದ್ದಾಗಿದೆ.

ಮೂಟೆ ಅಥವಾ ಉದ್ದನೆಯ ಸಾಮಾನನ್ನು ತುಂಬಿ, ಡಿಕ್ಕಿಯ ಮುಚ್ಚಳವನ್ನು ಅರ್ಧ ತೆರೆದು ಹಗ್ಗದಿಂದ ಕಟ್ಟಿಕೊಂಡು ಹೋಗುವ ರೂಢಿ ಇದೇ ಕಾರಣಕ್ಕೆ ಅಪಾಯಕಾರಿ. ಎಷ್ಟೇ ಒಳ್ಳೆಯ ಪಟ್ಟಿಯಿದ್ದರೂ ತೆರೆದ ಮುಚ್ಚಳದ ಮುಂದೆ ಅದು ನಿರುಪಯುಕ್ತ.

ಪಟ್ಟಿ ಹಾಳಾಗುವ ಕಾರಣಗಳು

ನೈಸರ್ಗಿಕ ರಬ್ಬರಿನ ಉದ್ದನೆಯ ಅಣುಸರಪಳಿಯಲ್ಲಿ ಜೋಡಿ ಬಂಧಗಳಿರುತ್ತವೆ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಈ ಬಂಧಗಳನ್ನು ಕತ್ತರಿಸುತ್ತದೆ. ಎಳೆದು ಹಿಗ್ಗಿಸಿದ ರಬ್ಬರಿನಲ್ಲಿ ಈ ಕ್ರಿಯೆ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಎಳೆದ ದಿಕ್ಕಿಗೆ ಅಡ್ಡಲಾಗಿ ಸಣ್ಣ ಸೀಳುಗಳು ಮೂಡುತ್ತವೆ. ಮೂಲೆಗಳಲ್ಲಿ ಬಿಗಿಯಾಗಿ ಎಳೆದು ಅಂಟಿಸಿದ ಪಟ್ಟಿ ಮೊದಲು ಮೂಲೆಗಳಲ್ಲೇ ಬಿರಿಯುವುದಕ್ಕೆ ಇದೇ ಕಾರಣ.

ಬಿಸಿಲು ಎರಡನೆಯ ಕಾರಣ. ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಕಾರಿನ ತಗಡು ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ವರ್ಷಗಟ್ಟಲೆ ಒತ್ತಿಕೊಂಡೇ ಇರುವ ರಬ್ಬರು ಶಾಶ್ವತವಾಗಿ ಚಪ್ಪಟೆಯಾಗುತ್ತದೆ. ಇಂಥ ಪಟ್ಟಿ ನೋಡಲು ಸರಿಯಾಗಿಯೇ ಇದ್ದರೂ ಮುಚ್ಚಳಕ್ಕೆ ತಾಗುವುದಿಲ್ಲ.

ಮೂರನೆಯ ಕಾರಣ ತೈಲ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಅಥವಾ ಸಾಧಾರಣ ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಹೊಳಪು ಬರಲೆಂದು ಡೀಸೆಲ್ ಬಟ್ಟೆಯಿಂದ ಒರೆಸುವುದು ರಬ್ಬರಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ.

ಗದಗ ಜಿಲ್ಲೆಯ ಪರಿಸರ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗ ಬಯಲುಸೀಮೆಗೆ ಸೇರಿದ್ದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಕರಾವಳಿಯಲ್ಲಿ ಬೀಳುವ ಮಳೆ ಇದರ ಐದಾರು ಪಟ್ಟು. ಹೀಗಾಗಿ ರಾಜೂರದಂತಹ ಊರಿನಲ್ಲಿ ಹಳೆಯ ಕಾರಿನ ಡಿಕ್ಕಿ ಸೋರುತ್ತಿರುವುದು ತಿಂಗಳುಗಟ್ಟಲೆ ಗೊತ್ತಾಗದೆ ಹೋಗಬಹುದು.

ಆದರೆ ಈ ಭಾಗದ ಎರೆಭೂಮಿಯ ಮಣ್ಣು ಒಣಗಿದಾಗ ನುಣುಪಾದ ಧೂಳಾಗುತ್ತದೆ. ಕಚ್ಚಾ ರಸ್ತೆಗಳಲ್ಲಿಯೂ ಹೊಲದ ದಾರಿಗಳಲ್ಲಿಯೂ ಓಡಾಡಿದ ಕಾರಿನ ಡಿಕ್ಕಿಯಲ್ಲಿ ಈ ಧೂಳು ಪದರವಾಗಿ ಕೂರುತ್ತದೆ. ಮಳೆ ಬಂದಾಗ ಅದೇ ಮಣ್ಣು ಅಂಟಾಗಿ ತೋಡಿನ ನೀರು ಹೊರಹೋಗುವ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು ರಬ್ಬರನ್ನು ಗಡುಸಾಗಿಸುತ್ತದೆ. ಮಳೆ ಕಡಿಮೆಯಾದರೂ ಧೂಳು ಮತ್ತು ಬಿಸಿಲು ಹೆಚ್ಚಿರುವ ಇಂಥ ಪ್ರದೇಶದಲ್ಲಿ ಡಿಕ್ಕಿಯೊಳಗಿನ ಧೂಳನ್ನೇ ಪಟ್ಟಿ ಕೆಟ್ಟಿರುವುದರ ಮೊದಲ ಸೂಚನೆಯಾಗಿ ಪರಿಗಣಿಸಬಹುದು. ಧೂಳು ಕಂಡಲ್ಲಿ ಹೊಗೆಗೂ ದಾರಿಯಿದೆ ಎಂದೇ ತಿಳಿಯಬೇಕಾಗುತ್ತದೆ.

ಪ್ರಕಾರಗಳು

ರಚನೆಯ ದೃಷ್ಟಿಯಿಂದ ಮುಖ್ಯವಾಗಿ ಎರಡು ಬಗೆಯ ಪಟ್ಟಿಗಳಿವೆ.

ಅಂಟಿಸುವ ಪಟ್ಟಿ: ಇದರ ತಳ ಚಪ್ಪಟೆಯಾಗಿದ್ದು ಮೇಲ್ಭಾಗ ಟೊಳ್ಳಾದ ಕೊಳವೆಯಂತೆ ಅಥವಾ ತುಟಿಯಂತೆ ಇರುತ್ತದೆ. ಇದನ್ನು ಡಿಕ್ಕಿಯ ಬಾಯಿಯ ಸುತ್ತ ಅಥವಾ ಮುಚ್ಚಳದ ಒಳ ಅಂಚಿನಲ್ಲಿ ಅಂಟಿನಿಂದ ಕೂರಿಸಲಾಗುತ್ತದೆ.

ಕಚ್ಚಿಕೊಳ್ಳುವ ಪಟ್ಟಿ: ಇದರ ತಳದಲ್ಲಿ ಲೋಹದ ಎಲುಬುಳ್ಳ ಸೀಳು ಇರುತ್ತದೆ. ಡಿಕ್ಕಿಯ ಬಾಯಿಯಲ್ಲಿ ಎದ್ದು ನಿಂತ ತಗಡಿನ ಅಂಚಿನ ಮೇಲೆ ಇದನ್ನು ಒತ್ತಿ ಕೂರಿಸಿದರೆ ಅಂಚನ್ನು ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಅಂಟು ಬೇಡ.

ವಸ್ತುವಿನ ದೃಷ್ಟಿಯಿಂದ ನೈಸರ್ಗಿಕ ರಬ್ಬರ್, ನಿಯೋಪ್ರೀನ್, ಪಿವಿಸಿ ಮತ್ತು ಇಪಿಡಿಎಂ ಪಟ್ಟಿಗಳು ದೊರೆಯುತ್ತವೆ. 1960ರ ದಶಕದಿಂದ ಬಳಕೆಗೆ ಬಂದ ಇಪಿಡಿಎಂ ಎಂಬ ಕೃತಕ ರಬ್ಬರಿನ ಮುಖ್ಯ ಅಣುಸರಪಳಿಯಲ್ಲಿ ಜೋಡಿ ಬಂಧಗಳಿಲ್ಲ. ಹೀಗಾಗಿ ಬಿಸಿಲು ಮತ್ತು ಓಝೋನ್ ಎರಡನ್ನೂ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಪೆಟ್ರೋಲಿಯಂ ತೈಲಗಳು ಅದಕ್ಕೂ ಆಗದು. ಪಿವಿಸಿ ಪಟ್ಟಿ ಅಗ್ಗವಾದರೂ ಬಿಸಿಲಿಗೆ ಬೇಗ ಗಡುಸಾಗುತ್ತದೆ.

ಹಳೆಯ ಕಾರುಗಳ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾಗಿದೆ. ಮಾದರಿಗೆಂದೇ ಎರಕ ಹೊಯ್ದ ಪಟ್ಟಿ ಸಿಗದಿದ್ದಾಗ ಅದೇ ಅಡ್ಡಕೊಯ್ತದ ಪಟ್ಟಿಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಲಾಗುತ್ತದೆ. ಹಳೆಯ ಪಟ್ಟಿಯ ಹೆಚ್ಚು ಒತ್ತಡಕ್ಕೆ ಸಿಗದ ಒಂದು ತುಂಡನ್ನು ಕತ್ತರಿಸಿ ಅಂಗಡಿಗೆ ಒಯ್ದರೆ ಎತ್ತರ, ಅಗಲ ಮತ್ತು ಆಕಾರವನ್ನು ಹೋಲಿಸಲು ಅನುಕೂಲ. ಎತ್ತರ ಕಡಿಮೆಯಾದರೆ ಸಂದು ಉಳಿಯುತ್ತದೆ. ಹೆಚ್ಚಾದರೆ ಮುಚ್ಚಳ ಕೂರುವುದಿಲ್ಲ.

ಪರೀಕ್ಷೆ

ಪಟ್ಟಿಯನ್ನು ಬದಲಿಸುವ ಮೊದಲು ದೋಷ ಪಟ್ಟಿಯಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಹಿಂಬದಿಯ ಗಾಜಿನ ರಬ್ಬರ್, ಹಿಂದಿನ ದೀಪಗಳ ಗ್ಯಾಸ್ಕೆಟ್, ನಂಬರ್ ಪ್ಲೇಟಿನ ದೀಪದ ತಂತಿ ಹೋಗುವ ರಂಧ್ರ, ತಗಡಿನ ಬೆಸುಗೆಯ ಸಂದು ಮತ್ತು ತುಕ್ಕಿನಿಂದ ತೂತಾದ ನೆಲ ಇವುಗಳಿಂದಲೂ ನೀರು ಮತ್ತು ಧೂಳು ಒಳಬರುತ್ತವೆ.

ಕಾಗದದ ಪರೀಕ್ಷೆ: ದಿನಪತ್ರಿಕೆಯ ಒಂದು ಪಟ್ಟಿಯನ್ನು ಮುಚ್ಚಳದ ಅಂಚಿನಲ್ಲಿಟ್ಟು ಮುಚ್ಚಿ ಹೊರಗಿನಿಂದ ಎಳೆಯಲಾಗುತ್ತದೆ. ಕಾಗದ ಬಿಗಿಯಾಗಿ ಬಂದರೆ ಆ ಜಾಗದಲ್ಲಿ ಪಟ್ಟಿ ಸರಿಯಾಗಿದೆ. ಸಲೀಸಾಗಿ ಜಾರಿದರೆ ಸಂದಿದೆ ಎಂದರ್ಥ. ಕೈಯಗಲಕ್ಕೊಮ್ಮೆ ಸುತ್ತಲೂ ಇದನ್ನು ಮಾಡಬೇಕಾಗುತ್ತದೆ.

ಬೆಳಕಿನ ಪರೀಕ್ಷೆ: ರಾತ್ರಿ ಹೊತ್ತು ಉರಿಯುವ ಬ್ಯಾಟರಿಯನ್ನು ಡಿಕ್ಕಿಯೊಳಗಿಟ್ಟು ಮುಚ್ಚಿ, ಹೊರಗೆ ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಂದು ನೋಡಲಾಗುತ್ತದೆ. ಒಳಗಿನಿಂದ ನೋಡಲೆಂದು ಯಾರನ್ನಾದರೂ, ವಿಶೇಷವಾಗಿ ಮಕ್ಕಳನ್ನು, ಡಿಕ್ಕಿಯಲ್ಲಿ ಕೂರಿಸಿ ಮುಚ್ಚುವುದು ಸಲ್ಲದು. ಹಳೆಯ ಕಾರುಗಳ ಡಿಕ್ಕಿಯನ್ನು ಒಳಗಿನಿಂದ ತೆರೆಯಲು ಬರುವುದಿಲ್ಲ.

ಸೀಮೆಸುಣ್ಣದ ಪರೀಕ್ಷೆ: ಪಟ್ಟಿಯ ಮೇಲ್ಭಾಗಕ್ಕೆ ಸೀಮೆಸುಣ್ಣವನ್ನು ಉಜ್ಜಿ ಮುಚ್ಚಳವನ್ನು ಹಾಕಿ ತೆಗೆದರೆ ಮುಚ್ಚಳದ ಒಳಗೆ ಬಿಳಿಯ ಗೆರೆ ಮೂಡುತ್ತದೆ. ಗೆರೆ ತುಂಡಾದ ಕಡೆ ಪಟ್ಟಿ ತಾಗುತ್ತಿಲ್ಲ.

ನೀರಿನ ಪರೀಕ್ಷೆ: ಕೊಳವೆಯಿಂದ ನೀರನ್ನು ರಭಸವಿಲ್ಲದೆ ಮೊದಲು ಕೆಳಗಿನ ಅಂಚಿಗೆ, ಬಳಿಕ ಪಕ್ಕಗಳಿಗೆ, ಕೊನೆಗೆ ಗಾಜಿನ ಬುಡಕ್ಕೆ ಬಿಡಲಾಗುತ್ತದೆ. ಹೀಗೆ ಹಂತಹಂತವಾಗಿ ಮಾಡಿದರೆ ನೀರು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಅಳವಡಿಸುವ ವಿಧಾನ

ಹಳೆಯ ಪಟ್ಟಿಯನ್ನು ತೆಗೆಯುವುದು: ಪಟ್ಟಿ ಯಾವ ಅಂಚಿನಲ್ಲಿ, ಯಾವ ಮುಖವಾಗಿ ಕೂತಿದೆ ಮತ್ತು ಅದರ ಎರಡು ತುದಿಗಳು ಎಲ್ಲಿ ಸೇರಿವೆ ಎಂಬುದನ್ನು ಮೊದಲು ಗುರುತು ಮಾಡಿಕೊಳ್ಳಲಾಗುತ್ತದೆ. ಬಳಿಕ ತುದಿಯಿಂದ ನಿಧಾನವಾಗಿ ಎಳೆದು ತೆಗೆದು, ಹೊಸದನ್ನು ಅಳವಡಿಸಿ ಮುಗಿಯುವವರೆಗೂ ಹಳೆಯದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಉಳಿದ ಗಟ್ಟಿ ಅಂಟನ್ನು ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ, ಪ್ಲಾಸ್ಟಿಕ್ಕಿನ ಅಥವಾ ಮರದ ಚಪ್ಪಟೆ ಪಟ್ಟಿಯಿಂದ ಕೆರೆಯಲಾಗುತ್ತದೆ. ಬೆಂಕಿಯ ಅಪಾಯವಿರುವುದರಿಂದ ಪೆಟ್ರೋಲನ್ನು ಬಳಸಬಾರದು.

ತುಕ್ಕು ನಿವಾರಣೆ: ಪಟ್ಟಿಯ ಕೆಳಗೆ ನೀರು ನಿಲ್ಲುವುದರಿಂದ ಅಲ್ಲಿ ತುಕ್ಕು ಇರುವುದು ಸಾಮಾನ್ಯ. ತಂತಿಯ ಬ್ರಷ್ ಮತ್ತು ಮರಳುಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಲಾಗುತ್ತದೆ. ಅಂಚಿನ ತಗಡು ಸೊಟ್ಟಗಾಗಿದ್ದರೆ ಟಿಂಕರಿಂಗ್ ಮಾಡಿಸಿ ನೇರಗೊಳಿಸಬೇಕಾಗುತ್ತದೆ. ತುಕ್ಕಿನ ಮೇಲೆ ಅಥವಾ ಹಸಿ ಬಣ್ಣದ ಮೇಲೆ ಅಂಟಿಸಿದ ಪಟ್ಟಿ ಬಾಳುವುದಿಲ್ಲ. ತೋಡಿನ ರಂಧ್ರಗಳಲ್ಲಿ ಕಟ್ಟಿಕೊಂಡ ಮಣ್ಣನ್ನೂ ಈ ಹಂತದಲ್ಲಿಯೇ ತೆಗೆಯಲಾಗುತ್ತದೆ.

ಅಂಟಿಲ್ಲದೆ ಕೂರಿಸಿ ನೋಡುವುದು: ಸುರುಳಿಯಾಗಿ ಬಂದ ಹೊಸ ಪಟ್ಟಿಯನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಚಾಚಿಟ್ಟರೆ ಮಡಿಕೆಗಳು ಬಿಡುತ್ತವೆ. ಮೂಲದ ಸೇರುವೆಯ ಜಾಗ ಗೊತ್ತಿಲ್ಲದಿದ್ದರೆ ಕೆಳ ಅಂಚಿನ ನಡುಭಾಗದಿಂದ, ಅಂದರೆ ಲಾಕ್ ಇರುವ ಕಡೆಯಿಂದ ಆರಂಭಿಸುವುದು ರೂಢಿ. ಸುತ್ತಲೂ ಪಟ್ಟಿಯನ್ನು ಎಳೆಯದೆ ಇಡುತ್ತ ಬರಬೇಕು. ಎಳೆದು ಕೂರಿಸಿದ ರಬ್ಬರು ಕೆಲವು ದಿನಗಳಲ್ಲಿ ತನ್ನ ಸಹಜ ಉದ್ದಕ್ಕೆ ಮರಳಿ, ಸೇರುವೆಯಲ್ಲಿ ಬಾಯಿ ಬಿಡುತ್ತದೆ. ಮೂಲೆಗಳಲ್ಲಿ ಪಟ್ಟಿಯನ್ನು ತುಸು ಒಳಕ್ಕೆ ದಬ್ಬಿಕೊಟ್ಟರೆ ಅದು ಚಪ್ಪಟೆಯಾಗದೆ ದುಂಡಗೆ ತಿರುಗುತ್ತದೆ. ಈ ಹಂತದಲ್ಲಿ ತುದಿಯನ್ನು ಕತ್ತರಿಸಬಾರದು.

ಮುಚ್ಚಿ ನೋಡುವುದು: ಪಟ್ಟಿಯನ್ನು ಅಲ್ಲಲ್ಲಿ ಕಾಗದದ ಟೇಪಿನಿಂದ ಹಿಡಿಸಿ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ ನೋಡಲಾಗುತ್ತದೆ. ಬಲವಾಗಿ ಬಡಿದರೆ ಮಾತ್ರ ಮುಚ್ಚುವಂತಿದ್ದರೆ ಪಟ್ಟಿ ದಪ್ಪವಾಗಿದೆ ಅಥವಾ ತಪ್ಪು ಜಾಗದಲ್ಲಿದೆ. ಅಂಟು ಹಚ್ಚುವ ಮೊದಲು ಇದನ್ನು ತಿಳಿಯುವುದು ಈ ಹಂತದ ಉದ್ದೇಶ.

ಅಂಟಿಸುವುದು: ಚಪ್ಪಲಿ ಮತ್ತು ರೆಕ್ಸಿನ್ ಕೆಲಸಕ್ಕೆ ಬಳಸುವ ಬಗೆಯ ರಬ್ಬರ್ ಅಂಟನ್ನು ಬಣ್ಣಕ್ಕೆ ಹಾನಿಯಾಗುವುದೇ ಎಂದು ಮರೆಯಾದ ಜಾಗದಲ್ಲಿ ಹಚ್ಚಿ ನೋಡಿ ಬಳಸಬಹುದು. ತಗಡಿಗೂ ಪಟ್ಟಿಯ ತಳಕ್ಕೂ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಎರಡನ್ನೂ ಸೇರಿಸಿ ಒತ್ತಲಾಗುತ್ತದೆ. ಒಣಗಲು ಬೇಕಾದ ಸಮಯ ಡಬ್ಬಿಯ ಮೇಲೆ ನಮೂದಾಗಿರುತ್ತದೆ. ಒಮ್ಮೆಗೆ ಒಂದು ಅಡಿಯಷ್ಟು ಉದ್ದಕ್ಕೆ ಮಾತ್ರ ಅಂಟು ಹಚ್ಚಿಕೊಂಡು ಮುಂದುವರಿಯುವುದು ಅನುಕೂಲ. ಉರಿಬಿಸಿಲಿನಲ್ಲಿ ಅಂಟು ಸೇರುವ ಮೊದಲೇ ಒಣಗಿಬಿಡುವುದರಿಂದ ಬೆಳಗಿನ ಹೊತ್ತು ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡುವುದು ಉತ್ತಮ. ಟೊಳ್ಳು ಪಟ್ಟಿಯಲ್ಲಿ ಗಾಳಿ ಹೊರಹೋಗಲು ಸಣ್ಣ ತೂತುಗಳಿರುತ್ತವೆ; ಅವುಗಳಿಗೆ ಅಂಟು ತುಂಬಬಾರದು. ಕಚ್ಚಿಕೊಳ್ಳುವ ಬಗೆಯ ಪಟ್ಟಿಯನ್ನು ಅಂಚಿನ ಮೇಲಿಟ್ಟು ಅಂಗೈಯಿಂದ ಅಥವಾ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳ ಮುಟ್ಟುವವರೆಗೆ ಇಳಿಸಲಾಗುತ್ತದೆ.

ತುದಿಗಳನ್ನು ಸೇರಿಸುವುದು: ಕೊನೆಯ ಒಂದು ಅಡಿ ಉಳಿದಾಗ ಪಟ್ಟಿಯನ್ನು ಬೇಕಾದುದಕ್ಕಿಂತ ಸುಮಾರು 5 ಮಿಲಿಮೀಟರ್ ಉದ್ದವಾಗಿ, ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಲಾಗುತ್ತದೆ. ಎರಡು ತುದಿಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವಂತೆ ಕೂರಿಸಿ, ಸೇರುವೆಗೆ ತ್ವರಿತ ಅಂಟಿನ ಒಂದೆರಡು ಹನಿ ಹಾಕಲಾಗುತ್ತದೆ.

ಲಾಕ್ ಮತ್ತು ಮುಚ್ಚಳವನ್ನು ಹೊಂದಿಸುವುದು: ಹೊಸ ಪಟ್ಟಿ ಹಳೆಯದಕ್ಕಿಂತ ಎತ್ತರವಾಗಿರುವುದರಿಂದ ಮುಚ್ಚಳ ಮೊದಮೊದಲು ಸ್ವಲ್ಪ ಮೇಲೆ ನಿಲ್ಲುವುದು ಸಹಜ. ಮುಚ್ಚಿದ ಸ್ಥಿತಿಯಲ್ಲಿ ಒಂದು ದಿನ ಬಿಟ್ಟರೆ ಪಟ್ಟಿ ತನ್ನ ಜಾಗವನ್ನು ಕಂಡುಕೊಳ್ಳುತ್ತದೆ. ಆಮೇಲೂ ಬಿಗಿ ಉಳಿದರೆ ಲಾಕ್ ಸಿಕ್ಕಿಕೊಳ್ಳುವ ಕೊಕ್ಕೆಯ ಬೋಲ್ಟನ್ನು ಸಡಿಲಿಸಿ ತುಸು ಮೇಲಕ್ಕೋ ಕೆಳಕ್ಕೋ ಸರಿಸಲಾಗುತ್ತದೆ. ಮುಚ್ಚಳ ಒಂದು ಪಕ್ಕಕ್ಕೆ ವಾಲಿದ್ದರೆ ಬಿಜಾಗರಿಗಳನ್ನು ಹೊಂದಿಸಬೇಕಾಗುತ್ತದೆ. ಕೊನೆಯಲ್ಲಿ ಕಾಗದ, ಸೀಮೆಸುಣ್ಣ ಮತ್ತು ನೀರಿನ ಪರೀಕ್ಷೆಗಳನ್ನು ಮತ್ತೊಮ್ಮೆ ನಡೆಸಲಾಗುತ್ತದೆ. ನೀರಿನ ಪರೀಕ್ಷೆಯನ್ನು ಅಂಟು ಪೂರ್ತಿ ಗಟ್ಟಿಯಾದ ಮೇಲೆ ಮಾಡುವುದು ಸರಿಯಾದ ಕ್ರಮ.

ಸಾಮಾನ್ಯ ದೋಷಗಳು

ಪಟ್ಟಿಯನ್ನು ಮುಖ ತಿರುಗಿಸಿ ಅಂಟಿಸುವುದು ಪದೇ ಪದೇ ಕಾಣುವ ದೋಷ. ತುಟಿಯಿರುವ ಪಟ್ಟಿಯ ತುಟಿ ಮೂಲದಲ್ಲಿ ಯಾವ ಕಡೆಗಿತ್ತೋ ಅದೇ ಕಡೆಗೆ ಇರಬೇಕು. ಸೋರುವ ಜಾಗದಲ್ಲಿ ಹಳೆಯ ಪಟ್ಟಿಯ ಮೇಲೆಯೇ ಇನ್ನೊಂದು ಪಟ್ಟಿಯನ್ನು ಅಂಟಿಸಿದರೆ ಒಂದು ಕಡೆ ಮುಚ್ಚಳ ಎದ್ದು ಇನ್ನೊಂದು ಕಡೆ ಸಂದು ಹೆಚ್ಚಾಗುತ್ತದೆ. ಸಂದಿಗೆ ಎಂ-ಸೀಲ್‌ನಂತಹ ಗಟ್ಟಿಯಾಗುವ ಲೇಪವನ್ನು ತುಂಬುವುದರಿಂದ ನೀರು ಹೊರಹೋಗುವ ದಾರಿ ಮುಚ್ಚಿ ತುಕ್ಕು ಹೆಚ್ಚುತ್ತದೆ.

ಹೊಂದದ ಪಟ್ಟಿಯನ್ನು ಹೊಂದಿಸಲೆಂದು ಅಂಚಿನ ತಗಡನ್ನು ಕತ್ತರಿಸುವುದು ಹಳೆಯ ಕಾರಿನ ಮಟ್ಟಿಗೆ ಸರಿಪಡಿಸಲು ಕಠಿಣವಾದ ಹಾನಿ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮಗಳಂತೆ 50 ವರ್ಷಕ್ಕಿಂತ ಹಳೆಯದಾಗಿದ್ದು ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಅದಕ್ಕಾಗಿ ವಾಹನದ ಚೌಕಟ್ಟು, ಹೊರಮೈ ಮತ್ತು ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಸವೆದ ರಬ್ಬರನ್ನು ಬದಲಿಸುವುದು ದುರಸ್ತಿ. ತಗಡನ್ನು ಕತ್ತರಿಸುವುದು ಮೂಲರೂಪಕ್ಕೆ ಧಕ್ಕೆ.

ಹೊಸ ಪಟ್ಟಿಯೇ ಹೊಗೆಗೆ ಪೂರ್ಣ ಪರಿಹಾರವೆಂದು ತಿಳಿಯುವುದೂ ತಪ್ಪಾಗುತ್ತದೆ. ಸೈಲೆನ್ಸರ್ ತೂತಾಗಿದ್ದರೆ, ಕೊಳವೆಯ ಜೋಡಣೆ ಸಡಿಲವಾಗಿದ್ದರೆ ಅಥವಾ ಡಿಕ್ಕಿಯ ನೆಲದಲ್ಲಿ ತೂತುಗಳಿದ್ದರೆ ಪಟ್ಟಿಯಿಂದ ಮಾತ್ರ ರಕ್ಷಣೆ ಸಿಗದು. ಪಟ್ಟಿ ಬದಲಿಸುವಾಗಲೇ ಇವುಗಳನ್ನೂ ಪರಿಶೀಲಿಸುವುದು ಒಳ್ಳೆಯ ಗ್ಯಾರೇಜುಗಳ ಪದ್ಧತಿ. ಪಟ್ಟಿ ಬದಲಾದ ಬಳಿಕವೂ ಕಾರಿನೊಳಗೆ ಹೊಗೆಯ ವಾಸನೆ ಬಂದರೆ ಅಥವಾ ಪ್ರಯಾಣಿಕರಿಗೆ ತಲೆನೋವು, ವಾಕರಿಕೆ ಕಾಣಿಸಿಕೊಂಡರೆ ಕೂಡಲೇ ಕಾರನ್ನು ನಿಲ್ಲಿಸಿ ಎಲ್ಲರೂ ಇಳಿದು ಶುದ್ಧ ಗಾಳಿಯಲ್ಲಿ ಇರಬೇಕು. ಲಕ್ಷಣಗಳು ಹೋಗದಿದ್ದರೆ ವೈದ್ಯರನ್ನು ಕಾಣುವುದು ಅಗತ್ಯ.

ನಿರ್ವಹಣೆ

ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ಪಟ್ಟಿಯನ್ನೂ ಅದು ತಾಗುವ ಮುಚ್ಚಳದ ಅಂಚನ್ನೂ ಒರೆಸಿದರೆ ಧೂಳಿನ ಕಣಗಳು ರಬ್ಬರನ್ನು ಸವೆಸುವುದು ತಪ್ಪುತ್ತದೆ. ಹಟಮಾರಿ ಕೊಳೆಗೆ ಸೌಮ್ಯವಾದ ಸಾಬೂನು ನೀರು ಸಾಕು. ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಅಥವಾ ಟಾಲ್ಕಂ ಪುಡಿಯನ್ನು ಹಚ್ಚಿದರೆ ಪಟ್ಟಿ ಮುಚ್ಚಳಕ್ಕೆ ಅಂಟಿಕೊಳ್ಳುವುದಿಲ್ಲ. ಮಳೆಗಾಲದ ಮೊದಲು ಮತ್ತು ಸುಗ್ಗಿಯ ಓಡಾಟ ಮುಗಿದ ಮೇಲೆ ತೋಡಿನ ರಂಧ್ರಗಳನ್ನು ತೆಳುವಾದ ಕಡ್ಡಿಯಿಂದ ಬಿಡಿಸುವುದು ಉಪಯುಕ್ತ.

ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿಟ್ಟ ಕಾರನ್ನು ನೆರಳಿನಲ್ಲಿ ಇಡುವುದರಿಂದಲೂ ಆಗಾಗ ಡಿಕ್ಕಿಯನ್ನು ಸ್ವಲ್ಪ ಹೊತ್ತು ತೆರೆದಿಡುವುದರಿಂದಲೂ ರಬ್ಬರಿನ ಮೇಲಿನ ಒತ್ತಡ ಇಳಿಯುತ್ತದೆ, ಒಳಗಿನ ತೇವ ಆರುತ್ತದೆ. ಡಿಕ್ಕಿಯ ನೆಲಹಾಸನ್ನು ಎತ್ತಿ ಕೆಳಗೆ ಧೂಳಿನ ಹೊಸ ಗೆರೆ ಮೂಡಿದೆಯೇ ಎಂದು ನೋಡುವುದು ಪಟ್ಟಿಯ ಸ್ಥಿತಿಯನ್ನು ತಿಳಿಯುವ ಅತ್ಯಂತ ಸುಲಭವಾದ ಕ್ರಮ. ಗೆರೆ ಯಾವ ಮೂಲೆಯಿಂದ ಆರಂಭವಾಗಿದೆಯೋ ಪಟ್ಟಿಯಲ್ಲಿ ಸಂದು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.